ಪದ ಪರಿಚಯ: ಪಾರ್ಚ್‌ಮೆಂಟ್ ಮತ್ತು ಚೆರಿ

ಕಾಫಿ ಸೀಮೆಯ ಪತ್ರಿಕೆಗಳಲ್ಲಿ ಧಾರಣೆ ನಾಲ್ಕು ಸಾಲಿನಲ್ಲಿ ಬರುತ್ತದೆ. ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರಿ. ಎಲ್ಲವೂ 50 ಕೆಜಿ ಚೀಲದ ಲೆಕ್ಕ. ಹೊಸಬರು ಇವನ್ನು ನಾಲ್ಕು ಜಾತಿಯ ಕಾಫಿ ಎಂದುಕೊಳ್ಳುತ್ತಾರೆ. ಹಾಗಲ್ಲ. ಇಲ್ಲಿ ಗಿಡದ ಜಾತಿ ಎರಡೇ, ಅರೇಬಿಕಾ ಮತ್ತು ರೋಬಸ್ಟಾ. ಕುಯ್ದ ಹಣ್ಣನ್ನು ಆಮೇಲೆ ಏನು ಮಾಡಿದರು ಎಂಬುದನ್ನು ಪಾರ್ಚ್‌ಮೆಂಟ್, ಚೆರಿ ಎಂಬ ಪದಗಳು ಹೇಳುತ್ತವೆ.

ವಿದ್ಯಾರ್ಥಿಗಳನ್ನು ತೋಟಕ್ಕೆ ಕರೆತಂದಾಗ ಗಿಡ, ನೆರಳಿನ ಮರ, ಮೆಣಸಿನ ಬಳ್ಳಿ ತೋರಿಸಿ ಮಧ್ಯಾಹ್ನದ ಊಟಕ್ಕೆ ಮುಗಿಸಿಬಿಡುವುದು ಜಾಸ್ತಿ. ನನಗೆ ಬೇಸರ ಅದೇ. ಕಾಫಿಯ ಹಣೆಬರಹ ತೀರ್ಮಾನವಾಗುವುದು ಸಂಜೆ ಹೊತ್ತಿಗೆ. ಡಿಸೆಂಬರಿನಲ್ಲಿ ಬನ್ನಿ, ಅರೇಬಿಕಾ ಕುಯ್ಲು ನಡೆಯುತ್ತಿರುತ್ತದೆ. ಸಂಜೆಯವರೆಗೂ ಇರಿ.

ಬೆಳಗ್ಗೆ ಮೊದಲು ಒಂದು ಕೆಂಪು ಹಣ್ಣನ್ನು ಬೆರಳಲ್ಲಿ ಹಿಸುಕಿ ನೋಡಿ. ಸಿಪ್ಪೆ ಒಡೆದು ಎರಡು ಬೀಜ ಹೊರಗೆ ಜಾರುತ್ತವೆ. ಅವುಗಳ ಮೇಲೆ ಸಿಹಿಯಾದ ಲೋಳೆ ಇರುತ್ತದೆ. ಲೋಳೆ ತೊಳೆದರೆ ಗಟ್ಟಿಯಾದ, ಒಣಗಿದಾಗ ಹಳದಿ ಬಿಳುಪಿಗೆ ತಿರುಗುವ ಒಂದು ಹೊಟ್ಟು ಸಿಗುತ್ತದೆ. ಅದೇ ಪಾರ್ಚ್‌ಮೆಂಟ್. ಅದರ ಒಳಗೆ ಬೆಳ್ಳಿ ಬಣ್ಣದ ತೆಳು ಪೊರೆ, ಅದರೊಳಗೆ ನಾವು ಹುರಿದು ಪುಡಿ ಮಾಡುವ ಬೀಜ. ಈ ಹೊಟ್ಟಿನ ಸಮೇತ ಒಣಗಿಸಿದ ಕಾಫಿಗೂ ಅದೇ ಹೆಸರು ಬಂದಿದೆ.

ಕುಯ್ಯುವವರ ಕೈಯನ್ನು ಗಮನಿಸಿ. ಅರೇಬಿಕಾ ಗೊಂಚಲಿನಲ್ಲಿ ಹಣ್ಣು, ದೋರೆಗಾಯಿ, ಹಸಿರು ಕಾಯಿ ಮೂರೂ ಒಟ್ಟಿಗೆ ಇರುತ್ತವೆ. ಹಣ್ಣನ್ನು ಮಾತ್ರ ಬಿಡಿಸಬೇಕು. ಒಂದೇ ಗಿಡಕ್ಕೆ ಕೆಲವು ವಾರ ಬಿಟ್ಟು ಮತ್ತೆ ಮತ್ತೆ ಬರಬೇಕು. ತಪ್ಪಿ ಬಂದ ಹಸಿರು ಕಾಯಿಯನ್ನು ತೂಕಕ್ಕೆ ಮೊದಲು ಕೂತು ಆರಿಸುತ್ತಾರೆ. ಒಳ್ಳೆಯ ಪಾರ್ಚ್‌ಮೆಂಟ್ ಎಂದು ಯಾರಾದರೂ ಹೊಗಳಿದರೆ ಆ ಹೊಗಳಿಕೆಯ ದೊಡ್ಡ ಪಾಲು ಈ ಕೈಗಳಿಗೆ ಸೇರಬೇಕು. ಕಾಯಿ, ಹಣ್ಣು ಬೆರೆತರೆ ಮುಂದೆ ಯಾವ ಯಂತ್ರವೂ ಅದನ್ನು ಪೂರ್ತಿ ಸರಿ ಮಾಡಲಾರದು.

ಸಂಜೆ ತೂಕ ಆದ ಮೇಲೆ ದಾರಿ ಎರಡಾಗುತ್ತದೆ. ಪಾರ್ಚ್‌ಮೆಂಟ್ ಮಾಡುವುದಾದರೆ ಹಣ್ಣು ಅವತ್ತೇ ಪಲ್ಪರ್ ಯಂತ್ರಕ್ಕೆ ಹೋಗಬೇಕು. ರಾಶಿ ಹಾಕಿ ಬಿಟ್ಟರೆ ಬಿಸಿಯೇರಿ ಹುಳಿಯುತ್ತದೆ, ರುಚಿ ಕೆಡುತ್ತದೆ. ಪಲ್ಪರ್ ಸಿಪ್ಪೆಯನ್ನು ಒಂದು ಕಡೆಗೆ, ಬೀಜವನ್ನು ಇನ್ನೊಂದು ಕಡೆಗೆ ತಳ್ಳುತ್ತದೆ. ಲೋಳೆ ಹತ್ತಿದ ಬೀಜವನ್ನು ತೊಟ್ಟಿಯಲ್ಲಿ ಹುದುಗಲು ಬಿಡುತ್ತಾರೆ. ಅರೇಬಿಕಾಕ್ಕೆ ಸಾಮಾನ್ಯವಾಗಿ 24ರಿಂದ 36 ಗಂಟೆ. ಚಳಿ ಜಾಸ್ತಿ ಇದ್ದರೆ ಇನ್ನೂ ಹೊತ್ತು ಹಿಡಿಯುತ್ತದೆ. ಆಯಿತೋ ಇಲ್ಲವೋ ಎಂದು ನೋಡಲು ಗಡಿಯಾರ ಸಾಲದು. ಒಂದು ಹಿಡಿ ತೊಳೆದು ಉಜ್ಜುತ್ತಾರೆ. ಜಾರಿದರೆ ಇನ್ನೂ ಆಗಿಲ್ಲ. ಸಣ್ಣ ಬೆಣಚುಕಲ್ಲು ಉಜ್ಜಿದ ಹಾಗೆ ಕರಕರ ಎಂದರೆ ತೊಳೆಯಬಹುದು. ನೀವೂ ಕೈ ಹಾಕಿ ನೋಡಲೇಬೇಕು. ಆಮೇಲೆ ಕಣದಲ್ಲಿ ತೆಳ್ಳಗೆ ಹರಡಿ, ಆಗಾಗ ಕೆದಕಿ, ರಾತ್ರಿ ಮುಚ್ಚಿಟ್ಟು ಒಣಗಿಸುತ್ತಾರೆ. ಬಿಸಿಲು ಚೆನ್ನಾಗಿದ್ದರೆ ಒಂದು ವಾರ, ಹತ್ತು ದಿನ. ತೇವ ಶೇ 10ರ ಆಸುಪಾಸಿಗೆ ಬರಬೇಕು.

ಚೆರಿ ಮಾಡುವ ದಾರಿಯಲ್ಲಿ ಯಂತ್ರವೂ ಇಲ್ಲ, ತೊಟ್ಟಿಯೂ ಇಲ್ಲ. ಹಣ್ಣನ್ನು ಸಿಪ್ಪೆ ಸಮೇತ ಕಣಕ್ಕೆ ಸುರಿದು ಎರಡು ವಾರದಷ್ಟು ಒಣಗಿಸುವುದು, ಅಷ್ಟೇ. ಒಣಗಿ ಕಪ್ಪಾದ ಕಾಯಿಯನ್ನು ಹಿಡಿಯಲ್ಲಿ ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಎನ್ನಬೇಕು. ಹೊರದೇಶಗಳಲ್ಲಿ ಗಿಡದ ಮೇಲಿನ ಕೆಂಪು ಹಣ್ಣಿಗೇ ಚೆರಿ ಎನ್ನುತ್ತಾರೆ. ನಮ್ಮ ಮಾರುಕಟ್ಟೆಯಲ್ಲಿ ಚೆರಿ ಎಂದರೆ ಈ ಒಣಕಾಯಿ. ಅಂತರ್ಜಾಲದಲ್ಲಿ ಓದಿಕೊಂಡು ಬಂದ ವಿದ್ಯಾರ್ಥಿಗಳು ಗೊಂದಲಪಡುವುದು ಇಲ್ಲೇ.

ಸಾಮಾನ್ಯವಾಗಿ ಚೆರಿಗಿಂತ ಪಾರ್ಚ್‌ಮೆಂಟಿಗೆ ಧಾರಣೆ ಜಾಸ್ತಿ. ಹಾಗಾದರೆ ಎಲ್ಲರೂ ಪಾರ್ಚ್‌ಮೆಂಟೇ ಮಾಡಬಹುದಲ್ವಾ? ಅದಕ್ಕೆ ನೀರು ಬೇಕು, ಯಂತ್ರ ಬೇಕು, ಆಳು ಬೇಕು. ಪಲ್ಪಿಂಗ್ ಮಾಡಿದ ಹುಳಿ ನೀರನ್ನು ಸುಮ್ನೆ ಹಳ್ಳಕ್ಕೆ ಬಿಡುವಂತಿಲ್ಲ, ಬಿಡಲೂಬಾರದು. ಅದರಿಂದ ಹಳ್ಳದ ಜೀವಿಗಳು ಸಾಯುತ್ತವೆ, ಕೆಳಗಿನ ಊರಿನವರು ಕುಡಿಯುವ ನೀರು ಕೆಡುತ್ತದೆ. ರೋಬಸ್ಟಾದ ಲೋಳೆ ದಪ್ಪ, ಬಿಡಿಸುವುದು ಕಷ್ಟ. ಅದಕ್ಕೇ ರೋಬಸ್ಟಾ ಬಹುಪಾಲು ಚೆರಿಯಾಗಿಯೇ ಮಾರಾಟವಾಗುತ್ತದೆ.

ಇನ್ನೊಂದು ಪದ ಇದಕ್ಕೇ ಅಂಟಿಕೊಂಡಿದೆ, ಓಟಿ. ಔಟ್ ಟರ್ನ್ ಎಂಬುದರ ಚಿಕ್ಕ ರೂಪ. 50 ಕೆಜಿ ಚೆರಿಯ ಸಿಪ್ಪೆ, ಹೊಟ್ಟು ಎಲ್ಲ ತೆಗೆದ ಮೇಲೆ ಎಷ್ಟು ಕೆಜಿ ಬೀಜ ಸಿಕ್ಕಿತೋ ಅದು ಓಟಿ. 28 ಕೆಜಿ ಬಂದರೆ 28 ಓಟಿ. ವ್ಯಾಪಾರಿ ಒಂದು ಓಟಿಗೆ 300 ರೂಪಾಯಿ ಎಂದರೆ ಆ ಚೀಲಕ್ಕೆ 8,400 ರೂಪಾಯಿ. ಅದೇ ದರದಲ್ಲಿ 26 ಓಟಿ ಬಂದರೆ 7,800. ಸಣ್ಣ ಬೆಳೆಗಾರರ ಮಕ್ಕಳು ಈ ಲೆಕ್ಕ ಕಲಿಯಲೇಬೇಕು ಎಂಬುದು ನನ್ನ ಆಸೆ. ಚೆರಿ ಮಾರುವ ಮನೆಗೆ ವರ್ಷದ ದುಡಿಮೆಯ ಬೆಲೆ ಕಟ್ಟುವುದು ಈ ಅಂಕಿಯೇ.

ಚೆರಿ ಎಂದರೆ ಕೀಳು ಎಂದೂ ಅಲ್ಲ. ಹೊರದೇಶದಲ್ಲಿ ಹೆಸರು ಮಾಡಿದ ಮಾನ್ಸೂನ್ಡ್ ಮಲಬಾರ್ ಅರೇಬಿಕಾ ತಯಾರಾಗುವುದು ಚೆರಿಯಿಂದಲೇ. ಸಿಪ್ಪೆ ತೆಗೆದ ಬೀಜವನ್ನು ಮುಂಗಾರಿನಲ್ಲಿ ಕರಾವಳಿಯ ಗೋದಾಮುಗಳಲ್ಲಿ ಹರಡಿ, ಒದ್ದೆ ಗಾಳಿಗೆ ವಾರಗಟ್ಟಲೆ ಬಿಡುತ್ತಾರೆ. ಬೀಜ ಉಬ್ಬಿ, ಹಸಿರು ಹೋಗಿ, ಬಣ್ಣ ತಿಳಿ ಹಳದಿಯಾಗುತ್ತದೆ, ಹುಳಿ ಇಳಿಯುತ್ತದೆ.