ಬಿಳಿ ಮೋಡಕ್ಕೆ ಚಳಿಯೂ ಬೇಕು, ಏರೂ ಬೇಕು

ಗೂಡ್ಸ್ ಗಾಡಿ ಎಳೆದುಕೊಂಡು ಏರು ಹತ್ತುವ ಉಗಿ ಎಂಜಿನ್ನಿನ ತಲೆಯ ಮೇಲೆ ಎದ್ದು ನಿಲ್ಲುವ ಬೆಳ್ಳನೆಯ ರಾಶಿಯನ್ನು ಬಹಳ ಜನ ಹೊಗೆ ಎನ್ನುತ್ತಾರೆ. ಅವರನ್ನು ತಿದ್ದುವವರು ಉಗಿ ಎನ್ನುತ್ತಾರೆ. ಎರಡೂ ತಪ್ಪು. ಉಗಿ ಒಂದು ಅನಿಲ. ಅದು ಕಣ್ಣಿಗೆ ಕಾಣುವುದೇ ಇಲ್ಲ. ನಮಗೆ ಕಾಣುವುದು ಅದು ತಣಿದ ಮೇಲೆ ಹುಟ್ಟಿದ, ಕೆಲವೇ ಮೈಕ್ರಾನ್ ಗಾತ್ರದ ನೀರಿನ ಹನಿಗಳು. ಕುದಿಯುವ ಕೆಟಲಿನ ಮೂತಿಯಿಂದ ಬೆರಳಗಲ ದೂರದವರೆಗೆ ಏನೂ ಕಾಣದೆ, ಆಮೇಲೆ ಬಿಳಿ ಶುರುವಾಗುತ್ತದಲ್ಲ, ಎಂಜಿನ್ನಿನ ಸೇಫ್ಟಿ ವಾಲ್ವ್ ತೆರೆದುಕೊಂಡಾಗಲೂ ಅಷ್ಟೇ: ವಾಲ್ವಿನ ಬಾಯಿಗೂ ಬಿಳಿ ಕಂಬದ ಬುಡಕ್ಕೂ ನಡುವೆ ಒಂದು ಖಾಲಿ ಜಾಗ ಇರುತ್ತದೆ. ನಿಜವಾದ ಉಗಿ ಇರುವುದು ಆ ಖಾಲಿ ಜಾಗದಲ್ಲಿ. ಲೆನ್ಸನ್ನು ಅಲ್ಲಿಗೆ ಹತ್ತಿರ ಮಾಡಿ ನೋಡಿದರೆ ಹಿಂದಿನ ಬೆಟ್ಟ ನಡುಗುತ್ತಾ ಕಾಣುತ್ತದೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಅಮೆರಿಕದ ಪಾರಂಪರಿಕ ರೈಲ್ವೆಗಳಲ್ಲಿ ಹಳೆಯ ವ್ಯಾಗನ್ನುಗಳನ್ನು ಜೋಡಿಸಿ ಚಿತ್ರೀಕರಣಕ್ಕೆಂದೇ ಓಡಿಸುವ ಫೋಟೊ ಚಾರ್ಟರ್‌ಗಳಿಗೆ ಹೋಗುವವರು ಕ್ಯಾಮೆರಾ, ಲೆನ್ಸು, ಡ್ರೋನುಗಳ ಬಗ್ಗೆ ತಿಂಗಳುಗಟ್ಟಲೆ ಚರ್ಚಿಸುತ್ತಾರೆ. ಚಿತ್ರದ ಅರ್ಧ ಭಾಗವನ್ನು ತುಂಬುವ ಮೋಡ ಹುಟ್ಟುವುದೋ ಇಲ್ಲವೋ ಎಂಬುದನ್ನು ಮಾತ್ರ ಅದೃಷ್ಟಕ್ಕೆ ಬಿಡುತ್ತಾರೆ. ಅದು ಅದೃಷ್ಟದ ವಿಷಯವಲ್ಲ, ಲೆಕ್ಕ ಹಾಕಬಹುದಾದದ್ದು.

ಗಾಳಿ ಎಷ್ಟು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು ಎಂಬುದು ಅದರ ಬಿಸಿಯ ಮೇಲಿದೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ಹಿಡಿದರೆ, 10 ಡಿಗ್ರಿಯಲ್ಲಿ 9.4 ಗ್ರಾಂ, ಸೊನ್ನೆಯಲ್ಲಿ 4.8 ಗ್ರಾಂ ಮಾತ್ರ. ಈಗ ಬೇಸಿಗೆಯ ಮಧ್ಯಾಹ್ನ, 30 ಡಿಗ್ರಿ, ಶೇಕಡಾ 30 ಆರ್ದ್ರತೆ ಎಂದುಕೊಳ್ಳಿ. ಪ್ರತಿ ಘನ ಮೀಟರ್ ಗಾಳಿಯಲ್ಲಿ ಇನ್ನೂ 21 ಗ್ರಾಂ ನೀರಿಗೆ ಜಾಗವಿದೆ. ಚಿಮಣಿಯಿಂದ ಹೊರಬಿದ್ದ ಒಂದು ಕಿಲೊ ಉಗಿಯನ್ನು ಕುರುಹಿಲ್ಲದಂತೆ ನುಂಗಲು 47 ಘನ ಮೀಟರ್ ಗಾಳಿ ಸಾಕು. ಮೈನಸ್ 5 ಡಿಗ್ರಿ, ಶೇಕಡಾ 70 ಆರ್ದ್ರತೆಯ ಬೆಳಗ್ಗೆ ಉಳಿದಿರುವ ಜಾಗ ಬರೀ ಒಂದು ಗ್ರಾಂ. ಅದೇ ಒಂದು ಕಿಲೊ ಉಗಿ ಕರಗಬೇಕಾದರೆ ಸಾವಿರದ ಹತ್ತಿರ ಘನ ಮೀಟರ್ ಗಾಳಿ ಬೆರೆಯಬೇಕು. ಹೊಗೆ ಅನಿಲದ ಬಿಸಿಯನ್ನು ಈ ಲೆಕ್ಕದಲ್ಲಿ ಬಿಟ್ಟಿದೆ, ಆದರೂ 20 ಪಟ್ಟಿನ ವ್ಯತ್ಯಾಸ ಸಣ್ಣದಲ್ಲ. ಬೇಸಿಗೆಯಲ್ಲಿ ಚಿಮಣಿಯಿಂದ ನಾಲ್ಕು ಮಾರು ದೂರದಲ್ಲೇ ಮಾಯವಾಗುವ ಮೋಡ ಚಳಿಯಲ್ಲಿ ಇಡೀ ಗಾಡಿಯ ಉದ್ದಕ್ಕೂ ಹಾಸಿಕೊಳ್ಳುವುದು ಇದರಿಂದಲೇ. ಎಂಜಿನ್ ಅದೇ, ಸುರಿಯುವ ಉಗಿಯೂ ಅಷ್ಟೇ. ನೆವಾಡಾದ ಈಲಿಯಲ್ಲಿರುವ ನೆವಾಡಾ ನಾರ್ದರ್ನ್ ರೈಲ್ವೆ ಚಿತ್ರೀಕರಣದ ಓಟಗಳನ್ನು ಫೆಬ್ರವರಿಯ ಹಿಮದಲ್ಲಿ ಇಟ್ಟುಕೊಳ್ಳುವುದು ಸುಮ್ಮನೆ ಅಲ್ಲ.

ಇನ್ನು ಹೊಗೆಗೂ ಉಗಿಗೂ ಈ ಗೊಂದಲ ಬಂದದ್ದೇ ಎರಡೂ ಒಂದೇ ಚಿಮಣಿಯಿಂದ ಹೊರಬರುವುದರಿಂದ. ಅದಕ್ಕೊಂದು ಇತಿಹಾಸವಿದೆ. 1804ರಲ್ಲಿ ವೇಲ್ಸಿನ ಪೆನಿಡ್ಯಾರನ್‌ನಲ್ಲಿ ರಿಚರ್ಡ್ ಟ್ರೆವಿಥಿಕ್ ಓಡಿಸಿದ ಎಂಜಿನ್ನಿನಲ್ಲೇ ಸಿಲಿಂಡರಿನಿಂದ ಬಳಸಿ ಬಿಟ್ಟ ಉಗಿಯನ್ನು ಚಿಮಣಿಗೆ ತಿರುಗಿಸಲಾಗಿತ್ತು. 1829ರ ಸ್ಟೀಫನ್ಸನ್ನರ ರಾಕೆಟ್ ಎಂಜಿನ್ ಅದರ ಜೊತೆಗೆ 25 ತಾಮ್ರದ ಕೊಳವೆಗಳ ಬಾಯ್ಲರನ್ನು ಸೇರಿಸಿತು. ಚಿಮಣಿಯ ಬುಡದಲ್ಲಿ ಮೇಲ್ಮುಖವಾಗಿ ಚಿಮ್ಮುವ ಉಗಿ ತನ್ನ ಜೊತೆ ಸುತ್ತಲಿನ ಅನಿಲವನ್ನೂ ಎಳೆದೊಯ್ಯುತ್ತದೆ. ಅಲ್ಲಿ ಒತ್ತಡ ಇಳಿಯುತ್ತದೆ. ಆ ಕೊರತೆ ತುಂಬಲು ಬೆಂಕಿಗೂಡಿನ ಬಿಸಿ ಅನಿಲ ಕೊಳವೆಗಳ ಮೂಲಕ ನುಗ್ಗುತ್ತದೆ. ಜಾಲರಿಯ ಕೆಳಗಿನಿಂದ ಹೊಸ ಗಾಳಿ ಬೆಂಕಿಗೆ ಸಿಗುತ್ತದೆ. ಹೆಚ್ಚು ಎಳೆತ ಎಂದರೆ ಹೆಚ್ಚು ಉಗಿ, ಹೆಚ್ಚು ಉಗಿ ಎಂದರೆ ಹೆಚ್ಚು ಗಾಳಿ, ಹೆಚ್ಚು ಗಾಳಿ ಎಂದರೆ ಇನ್ನೂ ಜೋರಾದ ಬೆಂಕಿ. ಎಂಜಿನ್ ತನಗೆ ಬೇಕಾದಷ್ಟು ಉಸಿರನ್ನು ತಾನೇ ಎಳೆದುಕೊಳ್ಳುತ್ತದೆ. ಉಗಿಯಂತ್ರದ ಇತಿಹಾಸದಲ್ಲಿ ಇದಕ್ಕಿಂತ ಸೊಗಸಾದ ಉಪಾಯ ಇನ್ನೊಂದಿಲ್ಲ.

ಹಾಗಾದರೆ ಕಪ್ಪು ಹೊಗೆ? ಅದು ಶಕ್ತಿಯ ಗುರುತು ಎಂಬ ನಂಬಿಕೆ ಎಷ್ಟು ಹೇಳಿದರೂ ಹೋಗುತ್ತಿಲ್ಲ. ಕಪ್ಪು ಹೊಗೆ ಎಂದರೆ ಉರಿಯದೆ ಹೊರಟುಹೋದ ಇಂಗಾಲ. ಕಸುಬು ಬಲ್ಲ ಫೈರ್‌ಮನ್ ಸ್ವಲ್ಪ ಸ್ವಲ್ಪವಾಗಿ, ಆಗಾಗ ಕಲ್ಲಿದ್ದಲು ಹರಡಿ, ಚಿಮಣಿಯಲ್ಲಿ ತೆಳು ಬೂದು ಬಣ್ಣ ಮಾತ್ರ ಇರುವಂತೆ ನೋಡಿಕೊಳ್ಳುತ್ತಾನೆ. ಕ್ಯಾಮೆರಾಗಳ ಮುಂದೆ ಕಾಣುವ ಕರಿ ಕಂಬಕ್ಕೆ ಅವನು ಬೇಕೆಂದೇ ಒಟ್ಟಿಗೆ ಹಲವು ಸಲಿಕೆ ಎಸೆದಿರುತ್ತಾನೆ. ಬೆಂಕಿ ತಣಿಯುತ್ತದೆ, ಕೊಳವೆಗಳ ಒಳಮೈಗೆ ಮಸಿ ಹಿಡಿಯುತ್ತದೆ, ಮಸಿ ಶಾಖವನ್ನು ನೀರಿಗೆ ದಾಟಗೊಡುವುದಿಲ್ಲ. ಚಿತ್ರಕ್ಕೂ ಅದರಿಂದ ನಷ್ಟವೇ: ಕರಿ ಹೊಗೆ ಹಿಂದಿನ ವ್ಯಾಗನ್ನುಗಳ ಮೇಲೆ ನೆರಳು ಚೆಲ್ಲಿ ಬಣ್ಣಗಳನ್ನು ಕೊಲ್ಲುತ್ತದೆ. ನೀರಿನ ಹನಿಗಳು ಹಾಗಲ್ಲ, ಬೆಳಕಿನ ಎಲ್ಲ ಬಣ್ಣಗಳನ್ನೂ ಒಂದೇ ಸಮ ಚದುರಿಸುತ್ತವೆ, ಅದರಲ್ಲೂ ಬಹುಪಾಲನ್ನು ಮುಂದಕ್ಕೇ. ಸೂರ್ಯನಿಗೆ ಎದುರಾಗಿ ಕ್ಯಾಮೆರಾ ಇಟ್ಟಾಗ ಮೋಡದ ಅಂಚು ಬೆಳ್ಳಿಯಂತೆ ಹೊಳೆಯುವುದು ಈ ಮುಂಚದುರಿಕೆಯಿಂದ. ಕರಿ ಹೊಗೆಯಲ್ಲಿ ಆ ಹೊಳಪು ಬರುವುದಿಲ್ಲ. ಫೈರ್‌ಮನ್‌ಗೆ ಮೊದಲೇ ಹೇಳಿ ಕರಿ ಹೊಗೆ ಬೇಡ ಎನ್ನುವ ತಂಡಗಳ ಚಿತ್ರಗಳೇ ಚೆನ್ನಾಗಿರುತ್ತವೆ.

ಗೂಡ್ಸೇ ಯಾಕೆ ಎಂಬುದಕ್ಕೆ ಉತ್ತರ ಭಾರದಲ್ಲಿದೆ. ನ್ಯೂ ಮೆಕ್ಸಿಕೊದ ಚಾಮಾದಿಂದ ಕೊಲರಾಡೊದ ಆಂಟೊನಿಟೊವರೆಗಿನ 64 ಮೈಲಿಯ ಕಂಬ್ರೆಸ್ ಅಂಡ್ ಟಾಲ್ಟೆಕ್ ಮಾರ್ಗವನ್ನೇ ನೋಡಿ. ಮೂರಡಿ ಅಗಲದ ಈ ಹಳಿ 1880ರಲ್ಲಿ ಹಾಕಿದ್ದು. ಡೆನ್ವರ್ ಅಂಡ್ ರಿಯೊ ಗ್ರಾಂಡೆ ವೆಸ್ಟರ್ನ್ ಕಂಪನಿಯ ಸರಕು ಸಾಗಣೆ ಇಲ್ಲಿ 1968ರಲ್ಲಿ ನಿಂತಿತು, 1970ರಲ್ಲಿ ಎರಡೂ ರಾಜ್ಯಗಳು ಸೇರಿ ಕೊಂಡುಕೊಂಡವು. ಚಾಮಾದಿಂದ 3,053 ಮೀಟರ್ ಎತ್ತರದ ಕಂಬ್ರೆಸ್ ಕಣಿವೆಮಾರ್ಗಕ್ಕೆ ಹತ್ತುವಾಗ ಏರು ಶೇಕಡಾ 4. ಎಂದರೆ ಪ್ರತಿ ಟನ್ ತೂಕವನ್ನು ಮೇಲೆಳೆಯಲು 40 ಕಿಲೊ ಬಲ. 1925ರಲ್ಲಿ ಬಾಲ್ಡ್ವಿನ್ ಕಾರ್ಖಾನೆ ಕಟ್ಟಿದ ಕೆ-36 ಎಂಜಿನ್ನಿನ ಎಳೆತ 36,200 ಪೌಂಡ್, ಸುಮಾರು 16.4 ಟನ್ ಬಲ. ಕಲ್ಲಿದ್ದಲು, ನೀರು ಹೊರುವ ಟೆಂಡರ್ ಸೇರಿ ಎಂಜಿನ್ನೇ 130 ಟನ್ ಆಸುಪಾಸು ತೂಗುವುದರಿಂದ ತನ್ನನ್ನು ತಾನು ಎತ್ತಿಕೊಳ್ಳಲು 5 ಟನ್ ಬಲ ಹೋಗುತ್ತದೆ. ಹಿಂದೆ 200 ಟನ್ ಗಾಡಿ ಕಟ್ಟಿದರೆ ಇನ್ನೂ 8. ಉಳಿದದ್ದನ್ನು ತಿರುವುಗಳ ಮತ್ತು ಬೇರಿಂಗುಗಳ ಘರ್ಷಣೆ ತಿನ್ನುತ್ತದೆ. ಎಂಜಿನ್ ತನ್ನ ಮಿತಿಯಲ್ಲಿ ದುಡಿಯುತ್ತಿದೆ.

ಆಗ ಡ್ರೈವರ್, ಸಿಲಿಂಡರಿಗೆ ಎಷ್ಟು ಹೊತ್ತು ಉಗಿ ಹೋಗಬೇಕೆಂದು ಗೊತ್ತುಮಾಡುವ ರಿವರ್ಸರನ್ನು ಬಹಳ ಮುಂದಕ್ಕೆ ಹಾಕಿರಬೇಕಾಗುತ್ತದೆ. ಪಿಸ್ಟನ್ ಓಟದ ಬಹುಭಾಗ ಉಗಿ ಒಳಗೆ ಹೋಗುತ್ತಲೇ ಇರುತ್ತದೆ, ಹಿಗ್ಗಲು ಅವಕಾಶ ಸಿಗದೆ ಹೆಚ್ಚಿನ ಒತ್ತಡದಲ್ಲೇ ಹೊರಬೀಳುತ್ತದೆ. ಎದೆಗೆ ಬಡಿಯುವ ಆ ಸದ್ದು, ಚಿಮಣಿಯ ಮೇಲೆ ಒಂದೊಂದೂ ಬಿಡಿಬಿಡಿಯಾಗಿ ಎದ್ದು ನಿಲ್ಲುವ ಮೋಡದ ಉಂಡೆ ಎರಡೂ ಇದರ ಫಲ. ಖಾಲಿ ವ್ಯಾಗನ್ನುಗಳ ಚಿಕ್ಕ ಗಾಡಿಯನ್ನು ಚಪ್ಪಟೆ ನೆಲದಲ್ಲಿ ಎಳೆಯುವಾಗ ಡ್ರೈವರ್ ರಿವರ್ಸರನ್ನು ನಡುವಿನತ್ತ ತರುತ್ತಾನೆ. ಉಗಿ ಸಿಲಿಂಡರಿನಲ್ಲೇ ಹಿಗ್ಗಿ, ಸುಸ್ತಾಗಿ ಮೆಲ್ಲಗೆ ಹೊರಬರುತ್ತದೆ. ಗಾಡಿ ಚೆಂದವಿದ್ದರೂ ಚಿತ್ರ ಸಪ್ಪೆ. ಕೆಲವರು ಗಾಡಿಯ ಬ್ರೇಕನ್ನು ಸ್ವಲ್ಪ ಹಿಡಿಸಿ ಎಂಜಿನ್ನನ್ನು ದುಡಿಸುತ್ತಾರೆ. ಅದಕ್ಕಿಂತ ಏರಿನ ನಡುವೆಯೇ ನಿಲ್ಲಿಸಿ ಹೊರಡಿಸುವುದು ಮೇಲು, ಚಕ್ರಗಳು ಬಿಸಿಯಾಗುವುದಿಲ್ಲ. ಹಳೆಯ ಕಾಲದಂತೆ ಎರಡು ಎಂಜಿನ್ ಕಟ್ಟಿದ್ದರೆ ಇದೇ ಮಾರ್ಗದ ಲೊಬಾಟೊ ಸೇತುವೆಯ ಬಳಿ ಕಾದಿರಿ: ಎರಡೂ ಒಟ್ಟಿಗೆ ದಾಟುವಷ್ಟು ಭಾರವನ್ನು ಅದು ತಾಳದು, ಹಾಗಾಗಿ ಮುಂದಿನದನ್ನು ಬಿಚ್ಚಿ ಒಂಟಿಯಾಗಿ ದಾಟಿಸುತ್ತಾರೆ. 2010ರಲ್ಲಿ ಬೆಂಕಿಗೆ ತುತ್ತಾಗಿ ಮರುವರ್ಷ ಮತ್ತೆ ತೆರೆದ ಸೇತುವೆ ಇದು.

ಕ್ಯಾಮೆರಾಗಳ ಮುಂದೆ ಗಾಡಿ ಓಡಿಸುವ ರನ್‌ಬೈ ಎಂದರೆ ಇಷ್ಟು: ಗಾಡಿ ನಿಂತು ಎಲ್ಲರನ್ನೂ ಇಳಿಸುತ್ತದೆ, ಮೂರು ಗಿಡ್ಡ ಸೀಟಿ ಹಾಕಿ ಹಿಂದಕ್ಕೆ ಹೋಗುತ್ತದೆ, ಎರಡು ಉದ್ದ ಸೀಟಿಯೊಂದಿಗೆ ಮುಂದೆ ಬರುತ್ತದೆ. ಸಿಬ್ಬಂದಿ ಗೊತ್ತುಮಾಡಿದ ಗೆರೆಯಿಂದ ಯಾರೂ ಮುಂದೆ ಹೋಗುವಂತಿಲ್ಲ. ನಿಂತ ಎಂಜಿನ್ನಿನ ತಣ್ಣಗಾದ ಸಿಲಿಂಡರಿನಲ್ಲಿ ನೀರು ಸೇರಿರುತ್ತದೆ. ನೀರು ಕುಗ್ಗುವುದಿಲ್ಲವಾದ್ದರಿಂದ ಪಿಸ್ಟನ್ ಅದನ್ನು ಒತ್ತಿದರೆ ಸಿಲಿಂಡರಿನ ಮುಚ್ಚಳವೇ ಕಿತ್ತುಬರಬಹುದು. ಅದಕ್ಕೇ ಹೊರಡುವಾಗ ಸಿಲಿಂಡರ್ ಕಾಕ್‌ಗಳನ್ನು ತೆರೆದು ಬಿಸಿನೀರು, ಉಗಿಯನ್ನು ಪಕ್ಕಕ್ಕೆ ಚಿಮ್ಮಿಸುತ್ತಾರೆ. ಹತ್ತಿರ ನಿಂತವರಿಗೆ ಅದು ಸುಡುಗಾಯ. ದೂರದ ಕ್ಯಾಮೆರಾಕ್ಕೂ ಕಾಕ್ ತೆರೆದಿರುವಷ್ಟು ಹೊತ್ತು ಚಕ್ರಗಳು ಮುಚ್ಚಿಹೋಗುತ್ತವೆ. ಗಾಡಿ ಸಾಕಷ್ಟು ಹಿಂದೆ ಹೋಗಿ ಬಂದರೆ ನಿಮ್ಮ ಮುಂದೆ ಬರುವಷ್ಟರಲ್ಲಿ ಕಾಕ್‌ಗಳನ್ನು ಮುಚ್ಚಿರುತ್ತಾರೆ.

ಗಾಳಿ ಬೆನ್ನಿಗಿರುವ ಬದಿಯಲ್ಲಿ ನಿಲ್ಲಿ, ಇಲ್ಲದಿದ್ದರೆ ಮೋಡ ಗಾಡಿಯ ಮೇಲೆಯೇ ಕವಿಯುತ್ತದೆ. ಗಾಡಿ ಗಂಟೆಗೆ 16 ಕಿಲೊಮೀಟರ್ ಹೋಗುತ್ತಿದ್ದು ಹಿಂದಿನಿಂದ ಗಾಳಿಯೂ ಅಷ್ಟೇ ವೇಗದಲ್ಲಿ ಬೀಸಿದರೆ ಮೋಡ ನೆಟ್ಟಗೆ ಮೇಲೇಳುತ್ತದೆ; ಗಾಳಿ ಇನ್ನೂ ಜೋರಾದರೆ ಎಂಜಿನ್ನಿನ ಮುಂದಕ್ಕೇ ಬಾಗುತ್ತದೆ. ಬಿಸಿಲಿನ ಕೋನವೂ ಮುಖ್ಯ. ಚಾಮಾದಲ್ಲಿ ಜೂನ್ ನಡುಹಗಲ ಸೂರ್ಯ 76 ಡಿಗ್ರಿ ಮೇಲಿರುತ್ತಾನೆ, ರಾಡುಗಳೂ ಚಕ್ರಗಳೂ ಬಾಯ್ಲರಿನ ನೆರಳಿಗೆ ಸೇರುತ್ತವೆ. ಅಕ್ಟೋಬರ್ ಕೊನೆಯ ವಾರಗಳಲ್ಲಿ ನಡುಹಗಲಲ್ಲೂ 40 ಡಿಗ್ರಿಯ ಆಸುಪಾಸು. ಓರೆ ಬಿಸಿಲು ಎಣ್ಣೆ ಮೆತ್ತಿದ ರಾಡುಗಳವರೆಗೂ ತಲುಪುತ್ತದೆ.

ಕ್ಯಾಮೆರಾದ ವಿಷಯ ಬೇಗ ಮುಗಿಯುತ್ತದೆ. ಸೆಕೆಂಡಿಗೆ 24 ಫ್ರೇಮ್, ಶಟರ್ 1/48. ಹಿಮದ ಮೇಲಿನ ಬಿಸಿಲಲ್ಲಿ ಐಎಸ್‌ಒ 800, ಎಫ್ 5.6 ಇಟ್ಟರೆ ಬೆಳಕು ತಗ್ಗಿಸುವ ಏಳು ಸ್ಟಾಪ್‌ನ ಎನ್‌ಡಿ ಫಿಲ್ಟರ್ ಬೇಕಾಗುತ್ತದೆ. ಆಟೊ ಎಕ್ಸ್‌ಪೋಷರ್ ಬೇಡವೇ ಬೇಡ: ಮೋಡ ಚೌಕಟ್ಟು ತುಂಬಿದ ಕೂಡಲೆ ಅದು ಇಡೀ ಚಿತ್ರವನ್ನು ಕತ್ತಲಾಗಿಸುತ್ತದೆ, ಕರಿ ಎಂಜಿನ್ ಇನ್ನೂ ಕರಿಯಾಗುತ್ತದೆ. ಮೋಡದ ಬಿಳುಪಿಗೆ ಹೊಂದಿಸಿ ಬೀಗ ಹಾಕಿ. ಆಟೊ ಫೋಕಸ್ ಕೂಡ ಮೋಡವನ್ನೇ ಹಿಡಿಯುತ್ತದೆ, ಆದ್ದರಿಂದ ಎಂಜಿನ್ ಬಂದು ಮುಟ್ಟುವ ಹಳಿಯ ಒಂದು ಜಾಗಕ್ಕೆ ಕೈಯಿಂದಲೇ ಫೋಕಸ್ ಮಾಡಿಡಿ. ಗಾಡಿಯ ಜೊತೆ ಕ್ಯಾಮೆರಾ ತಿರುಗಿಸುತ್ತಾ ಪ್ಯಾನ್ ಮಾಡುವಾಗ ಪಾದಗಳು ಓಟ ಮುಗಿಯುವ ದಿಕ್ಕಿಗೆ ಇರಲಿ, ಸೊಂಟ ತಿರುಗಿಸಿ ಶುರುಮಾಡಿ. ತಿರುಚು ಬಿಚ್ಚಿಕೊಳ್ಳುತ್ತಾ ಹೋದರೆ ಕೊನೆಯಲ್ಲಿ ಕೈ ನಡುಗುವುದಿಲ್ಲ.

ಚಕ್ರ ನಿಂತಂತೆ ಅಥವಾ ಹಿಂದಕ್ಕೆ ಉರುಳಿದಂತೆ ಕಾಣುವ ದೋಷಕ್ಕೂ ಲೆಕ್ಕವಿದೆ. 12 ಕಡ್ಡಿಗಳ ಚಕ್ರ ಸೆಕೆಂಡಿಗೆ 2 ಸುತ್ತು ತಿರುಗಿದರೆ ಪ್ರತಿ ಫ್ರೇಮಿಗೆ ಸರಿಯಾಗಿ ಒಂದು ಕಡ್ಡಿಯ ಜಾಗಕ್ಕೆ ಇನ್ನೊಂದು ಬರುತ್ತದೆ, ಚಕ್ರ ನಿಂತೇಬಿಡುತ್ತದೆ. ಶಟರ್ 1/48 ಇದ್ದರೆ ಕಡ್ಡಿಗಳು ಮಸುಕಾಗಿ ಇದು ಅಷ್ಟು ಕಣ್ಣಿಗೆ ಹೊಡೆಯುವುದಿಲ್ಲ, 1/500 ಇಟ್ಟರೆ ಎದ್ದು ಕಾಣುತ್ತದೆ. ಈಲಿಯ 40 ಮತ್ತು 93ನೇ ನಂಬರಿನ ಎಂಜಿನ್ನುಗಳಲ್ಲಿ ಇದನ್ನು ಗಮನಿಸಬೇಕು. ಕೆ-36ರಲ್ಲಿ ಈ ತೊಂದರೆ ಇಲ್ಲ, ಏಕೆಂದರೆ ಅದರ ಚೌಕಟ್ಟು ಚಕ್ರಗಳ ಹೊರಗಿದೆ. ಕಡ್ಡಿಗಳು ಅದರ ಹಿಂದೆ ಅಡಗಿವೆ, ಹೊರಗೆ ಕಾಣುವುದು ತಿರುಗುವ ಪ್ರತಿಭಾರದ ತುಂಡುಗಳು ಮತ್ತು ರಾಡುಗಳು ಮಾತ್ರ.

ಎಲ್ಲಕ್ಕಿಂತ ಹೆಚ್ಚು ಕೆಡುವುದು ಸದ್ದು. ಎರಡು ಸಿಲಿಂಡರ್, ಪ್ರತಿಯೊಂದರಲ್ಲೂ ಪಿಸ್ಟನ್ನಿನ ಎರಡೂ ಬದಿಗೆ ಉಗಿ, ಹಾಗಾಗಿ ಚಕ್ರದ ಒಂದು ಸುತ್ತಿಗೆ ನಾಲ್ಕು ಹೊಡೆತ. ಕೆ-36ರ ಚಕ್ರದ ವ್ಯಾಸ 44 ಅಂಗುಲ, ಸುತ್ತಳತೆ 3.5 ಮೀಟರ್, ಗಂಟೆಗೆ 16 ಕಿಲೊಮೀಟರ್ ವೇಗದಲ್ಲಿ ಸೆಕೆಂಡಿಗೆ ಸುಮಾರು ಐದು ಹೊಡೆತ. ಸೊನ್ನೆ ಡಿಗ್ರಿಯ ಗಾಳಿಯಲ್ಲಿ ಸದ್ದು ಸೆಕೆಂಡಿಗೆ 331 ಮೀಟರ್ ಸಾಗುತ್ತದೆ. ನೀವು 300 ಮೀಟರ್ ದೂರದಲ್ಲಿದ್ದರೆ 0.9 ಸೆಕೆಂಡ್ ತಡ, ಎಂದರೆ ನಾಲ್ಕೂವರೆ ಹೊಡೆತ. ಆ ಅರ್ಧವೇ ತೊಂದರೆ: ಮೋಡದ ಉಂಡೆ ಏಳುವಾಗ ಮೌನ, ಎರಡು ಉಂಡೆಗಳ ನಡುವೆ ಸದ್ದು. 265 ಮೀಟರ್ ದೂರದಲ್ಲಿ ತಡ ಸರಿಯಾಗಿ ನಾಲ್ಕು ಹೊಡೆತವಾಗುವುದರಿಂದ ಎಲ್ಲ ಕೂಡಿಬಂದಂತೆ ಕಾಣುತ್ತದೆ, ಸೀಟಿ ಊದುವವರೆಗೆ. ಸೀಟಿಯ ಬಿಳಿ ಎಳೆ ಮೊದಲು ಎದ್ದು, ಸದ್ದು ಆಮೇಲೆ ಬಂದು ಗುಟ್ಟು ರಟ್ಟಾಗುತ್ತದೆ. ಗಾಡಿ ಹತ್ತಿರ ಬಂದ ಹಾಗೆ ಈ ತಡ ಕಡಿಮೆಯಾಗುತ್ತಾ ಹೋಗುವುದರಿಂದ ಸಂಕಲನದಲ್ಲಿ ಸದ್ದನ್ನು ಒಂದೇ ಸಲ ಸರಿಸಿದರೂ ಪೂರ್ತಿ ಸರಿಹೋಗುವುದಿಲ್ಲ.

ಇದಕ್ಕೆ ಎರಡನೇ ರೆಕಾರ್ಡರ್ ಬೇಕು. ರೈಲ್ವೆಯವರ ಅನುಮತಿ ಪಡೆದು ಅದನ್ನು ಗಾಡಿಯ ಮೇಲೆ, ಎಂಜಿನ್ನಿನ ಹಿಂದಿನ ಮೊದಲ ವ್ಯಾಗನ್ನಿನಲ್ಲಿ ಕಟ್ಟಿದರೆ ತಡ ಬಹುತೇಕ ಇಲ್ಲವಾಗುತ್ತದೆ, ಇಡೀ ಓಟದಲ್ಲಿ ಒಂದೇ ಸಮ ಉಳಿಯುತ್ತದೆ. ಮೈಕಿಗೆ ತುಪ್ಪಳದ ಹೊದಿಕೆ ಕಡ್ಡಾಯ. ಹೊಡೆತಗಳಿಗೆ ಹೊಂದಿಸಿದ ಮಟ್ಟವನ್ನು ಸೀಟಿ ಸಲೀಸಾಗಿ ಮೀರಿ ಒಡಕು ಬರಿಸುತ್ತದೆ, ಅದಕ್ಕಾಗಿ 20 ಡೆಸಿಬೆಲ್ ತಗ್ಗಿಸಿದ ಇನ್ನೊಂದು ಟ್ರ್ಯಾಕನ್ನೂ ಜೊತೆಯಲ್ಲೇ ತೆಗೆದುಕೊಳ್ಳಿ, ಅಥವಾ ಜೋರು ಸದ್ದಿಗೂ ಒಡಕು ಬರಿಸದ 32 ಬಿಟ್ ಫ್ಲೋಟ್ ರೆಕಾರ್ಡರ್ ಬಳಸಿ. ಸಂಕಲನದಲ್ಲಿ ಜೋಡಿಸುವಾಗ ಹೊಡೆತಗಳನ್ನು ಎಣಿಸಲು ಹೋಗಬೇಡಿ. ಸೀಟಿಯ ಬಾಯಲ್ಲಿ ಬಿಳಿ ಕಾಣಿಸುವ ಮೊದಲ ಫ್ರೇಮನ್ನು ಹುಡುಕಿ, ಸೀಟಿಯ ಸದ್ದಿನ ಮೊದಲ ಏರನ್ನು ಅಲ್ಲಿಗೇ ಕೂಡಿಸಿ. ಕ್ಯಾಮೆರಾದ ಮೈಕಿನ ಸದ್ದನ್ನು ಸಣ್ಣ ಮಟ್ಟದಲ್ಲಿ ಕೂಡ ಅದರ ಕೆಳಗೆ ಉಳಿಸಬೇಡಿ; ಎರಡೂ ಸೇರಿದರೆ ಐದು ಹೊಡೆತ ಹತ್ತಾಗಿ, ಏರು ಹತ್ತುವ ಗೂಡ್ಸ್ ಇಳಿಜಾರಿನಲ್ಲಿ ಓಡಿದಂತೆ ಕೇಳಿಸುತ್ತದೆ.