ಸೇಂಟ್ ಪ್ಯಾಟ್ರಿಕ್ ಬ್ಲೂ: ಹಸಿರು ಹಬ್ಬದೊಳಗಿನ ನೀಲಿ

ಮಾರ್ಚ್ 17 ಬಂತೆಂದರೆ ಐರ್ಲೆಂಡಿನವರು ಎಲ್ಲೇ ಇರಲಿ, ಮೈಮೇಲೆ ಒಂದಿಷ್ಟು ಹಸಿರು ಇರಲೇಬೇಕು. ಅವರ ಸಂತ ಪ್ಯಾಟ್ರಿಕ್ ತೀರಿಕೊಂಡ ದಿನ ಅದು ಎಂದು ನಂಬಿಕೆ. ಅಮೆರಿಕದ ಶಿಕಾಗೊದಲ್ಲಿ 1962ರಿಂದ ನದಿಗೇ ಹಸಿರು ಬಣ್ಣ ಹಾಕುತ್ತಾರೆ. ಕೊಳಚೆ ಎಲ್ಲಿಂದ ನದಿಗೆ ಸೇರುತ್ತಿದೆ ಎಂದು ಪತ್ತೆ ಮಾಡಲು ಬಳಸುತ್ತಿದ್ದ ಬಣ್ಣದಿಂದ ಕೊಳಾಯಿ ಕೆಲಸಗಾರರಿಗೆ ಹೊಳೆದ ಉಪಾಯ ಅದು. ಆದರೆ ಆ ಸಂತನ ಹೆಸರು ಹೊತ್ತ ಬಣ್ಣ ಹಸಿರಲ್ಲ, ನೀಲಿ. ಅದನ್ನು 'ಸೇಂಟ್ ಪ್ಯಾಟ್ರಿಕ್ ಬ್ಲೂ' ಎನ್ನುತ್ತಾರೆ.

ಹಬ್ಬದ ಮೂಲ ಬಣ್ಣವೇ ನೀಲಿ, ಹಸಿರು ಆಮೇಲೆ ಬಂದದ್ದು ಎಂಬ ಮಾತು ಪ್ರತಿ ಮಾರ್ಚ್‌ನಲ್ಲೂ ಓಡಾಡುತ್ತದೆ. ಅದು ಅರ್ಧ ನಿಜ ಅಷ್ಟೇ. ನನಗೆ ಕಾಣುವಂತೆ ಇಲ್ಲಿ ಇರುವುದು ಎರಡು ಬಣ್ಣ. ಒಂದು ಅರಮನೆಯಿಂದ ಬಂದದ್ದು, ಇನ್ನೊಂದು ಹೊಲದಿಂದ.

ಪ್ಯಾಟ್ರಿಕ್ 5ನೇ ಶತಮಾನದವನು. ರೋಮನ್ ಬ್ರಿಟನ್ನಿನಲ್ಲಿ ಹುಟ್ಟಿದವನನ್ನು ಹದಿನಾರರ ಹರೆಯದಲ್ಲಿ ಹಿಡಿದು ಐರ್ಲೆಂಡಿಗೆ ಗುಲಾಮನಾಗಿ ಒಯ್ದರು. ಆರು ವರ್ಷ ದನಕುರಿ ಕಾಯ್ದು, ತಪ್ಪಿಸಿಕೊಂಡು ಹೋಗಿ, ಮುಂದೆ ಪಾದ್ರಿಯಾಗಿ ಅದೇ ನೆಲಕ್ಕೆ ಮರಳಿದ. ಅವನು ಬರೆದ ಎರಡು ಬರಹ ಉಳಿದಿವೆ. ಅವುಗಳಲ್ಲಿ ಹಬ್ಬದ ಬಣ್ಣವೂ ಇಲ್ಲ, ಮೂರೆಲೆಯ ಕಥೆಯೂ ಇಲ್ಲ.

ಆ ಮೂರೆಲೆಯೇ ಶ್ಯಾಮ್‌ರಾಕ್. ಐರಿಷ್ ಭಾಷೆಯಲ್ಲಿ ಈ ಪದಕ್ಕೆ 'ಎಳೆಯ ಕ್ಲೋವರ್' ಎಂಬ ಅರ್ಥವಿದೆ. ನಮ್ಮ ಮೆಂತ್ಯ ಸೊಪ್ಪನ್ನು ನೆನಪಿಸಿಕೊಳ್ಳಿ. ಒಂದು ತೊಟ್ಟಿಗೆ ಮೂರು ಎಲೆ, ಅಲ್ವಾ? ಕ್ಲೋವರ್ ಅದರ ಹತ್ತಿರದ ಸಂಬಂಧಿ. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬುದನ್ನು ಪ್ಯಾಟ್ರಿಕ್ ಈ ಎಲೆ ತೋರಿಸಿ ಹೇಳಿಕೊಟ್ಟ ಎನ್ನುವ ಕಥೆ ಬರಹದಲ್ಲಿ ಕಾಣಿಸುವುದು 18ನೇ ಶತಮಾನದಲ್ಲಿ. ಎಲೆ ಸಿಕ್ಕಿಸಿಕೊಳ್ಳುವ ರೂಢಿ ಮಾತ್ರ ಅದಕ್ಕಿಂತ ಹಳೆಯದು. 1681ರಲ್ಲಿ ಐರ್ಲೆಂಡ್ ಸುತ್ತಿದ ಥಾಮಸ್ ಡೈನ್ಲಿ ಎಂಬ ಇಂಗ್ಲಿಷ್ ಪ್ರವಾಸಿ, ಆ ದಿನ ಜನ ಟೋಪಿಗೆ ಶಿಲುಬೆ ಸಿಕ್ಕಿಸಿಕೊಳ್ಳುತ್ತಾರೆ, ಕೆಲವು ಹಸಿರು ರಿಬ್ಬನ್ನಿನವು ಎಂದು ಬರೆದಿದ್ದಾನೆ. ಬಡವರು ಮೂರೆಲೆ ಸೊಪ್ಪು ಮುಡಿಯುತ್ತಿದ್ದರಂತೆ. ಬಾಯಿ ಘಮಘಮ ಎನ್ನಲಿ ಎಂದು ಅದನ್ನೇ ತಿನ್ನುತ್ತಲೂ ಇದ್ದರಂತೆ!

ಇನ್ನು ನೀಲಿ. ಇಂಗ್ಲೆಂಡಿನ 8ನೇ ಹೆನ್ರಿ ತನ್ನನ್ನು ಐರ್ಲೆಂಡಿನ ರಾಜ ಎಂದು ಸಾರಿಕೊಂಡ ಮೇಲೆ, ನೀಲಿ ಹಿನ್ನೆಲೆಯ ಮೇಲೆ ಚಿನ್ನದ ಹಾರ್ಪ್ ವಾದ್ಯ ಆ ರಾಜ್ಯದ ಲಾಂಛನವಾಯಿತು. 1783ರಲ್ಲಿ 3ನೇ ಜಾರ್ಜ್ ಐರ್ಲೆಂಡಿನ ಸಿರಿವಂತ ಮನೆತನಗಳಿಗಾಗಿ 'ಆರ್ಡರ್ ಆಫ್ ಸೇಂಟ್ ಪ್ಯಾಟ್ರಿಕ್' ಎಂಬ ಗೌರವ ಪದವಿ ತಂದ. ಅದರ ರಿಬ್ಬನ್ನಿಗೆ ತಿಳಿ ನೀಲಿ ಬಂತು. ಹಸಿರು ರಿಬ್ಬನ್ ಆಗಲೇ ಸ್ಕಾಟ್ಲೆಂಡಿನ ಥಿಸಲ್ ಪದವಿಯ ಪಾಲಾಗಿತ್ತು. ಸಂತನ ಹೆಸರು ನೀಲಿಗೆ ಅಂಟಿಕೊಂಡದ್ದು ಹೀಗೆ.

ಎಂಟೇ ವರ್ಷಕ್ಕೆ, 1791ರಲ್ಲಿ, ಬೆಲ್‌ಫಾಸ್ಟ್‌ನಲ್ಲಿ 'ಯುನೈಟೆಡ್ ಐರಿಷ್‌ಮೆನ್' ಸಂಘಟನೆ ಹುಟ್ಟಿತು. ಕ್ಯಾಥೊಲಿಕ್, ಪ್ರಾಟೆಸ್ಟೆಂಟ್ ಎನ್ನದೆ ಎಲ್ಲರನ್ನೂ ಒಂದುಗೂಡಿಸಬೇಕು ಎಂದು ಹೊರಟವರು ಹಸಿರನ್ನೇ ತಮ್ಮ ಬಣ್ಣ ಮಾಡಿಕೊಂಡರು. ಅದಕ್ಕೂ ಹಿಂದೆ, 1640ರ ದಶಕದಲ್ಲಿ, ಇಂಗ್ಲಿಷರ ವಿರುದ್ಧ ಹೋರಾಡಿದ ಓವೆನ್ ರೋ ಓ'ನೀಲ್ ಹಸಿರು ಬಾವುಟದ ಮೇಲೆ ಹಾರ್ಪ್ ಹಾಕಿಸಿದ್ದ. ಯುನೈಟೆಡ್ ಐರಿಷ್‌ಮೆನ್ 1798ರಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಎದ್ದ ದಂಗೆಯನ್ನು ಸರ್ಕಾರ ಕ್ರೂರವಾಗಿ ಹತ್ತಿಕ್ಕಿತು. ಹಸಿರು ತೊಟ್ಟವರೆಂದರೆ ಅಧಿಕಾರಿಗಳಿಗೆ ಅನುಮಾನ. 'ವೇರಿಂಗ್ ಆಫ್ ದ ಗ್ರೀನ್', ಅಂದರೆ ಹಸಿರು ತೊಡುವುದು, ಎಂಬ ಮಾತಿಗೆ ಧೈರ್ಯದ ಅರ್ಥ ಬಂದದ್ದು ಆ ದಿನಗಳಿಂದ. ಹಬ್ಬದ ಹಸಿರಿಗೆ ತೂಕ ಬಂದದ್ದೂ ಇಲ್ಲಿಂದಲೇ ಎಂದು ನಾನು ನಂಬುತ್ತೇನೆ. ಸುಮ್ನೆ ಅಂದಕ್ಕೆ ಮುಡಿದ ಎಲೆ ಇಷ್ಟು ಕಾಲ ಉಳಿಯುತ್ತಿತ್ತೇ? 1845ರ ನಂತರದ ಮಹಾಕ್ಷಾಮದಲ್ಲಿ ಊರು ಬಿಟ್ಟ ಲಕ್ಷಾಂತರ ಜನ ಆ ಹಸಿರನ್ನು ಅಮೆರಿಕಕ್ಕೆ ಕೊಂಡೊಯ್ದರು. ಅಲ್ಲಿ ಅದು ಇನ್ನೂ ಜಾಸ್ತಿ ಗಾಢವಾಯಿತು.

ಐರಿಷ್ ಭಾಷೆಯಲ್ಲಿ ಹಸಿರಿಗೆ ಎರಡು ಪದಗಳಿವೆ. ಗಿಡ, ಹುಲ್ಲಿನ ಹಸಿರು 'ಗ್ಲಾಸ್'. ಬೂದು ಬಣ್ಣದ ಕುರಿಗೂ ಅದೇ ಪದ. ಬಣ್ಣ ಹಾಕಿದ ಬಟ್ಟೆಯಂಥ ಕಣ್ಣು ಕುಕ್ಕುವ ಹಸಿರು 'ಊನ್ಯ'. ನಮ್ಮ ಹಸಿರು 'ಹಸಿ'ಯಿಂದ ಬಂದದ್ದು. ಹಾಗಾಗಿ ಗ್ಲಾಸ್ ಎಂಬ ಪದ ನಮಗೆ ಬೇಗ ಅರ್ಥವಾಗುತ್ತದೆ. ಶ್ಯಾಮ್‌ರಾಕ್ ಗ್ಲಾಸ್, ಶಿಕಾಗೊ ನದಿ ಊನ್ಯ.

ನೀಲಿ ಪೂರ್ತಿ ಮಾಯವಾಗಿಲ್ಲ. ಇಂದಿಗೂ ಐರ್ಲೆಂಡಿನ ಅಧ್ಯಕ್ಷರ ಧ್ವಜದಲ್ಲಿ ಚಿನ್ನದ ಹಾರ್ಪ್ ಇರುವುದು ನೀಲಿಯ ಮೇಲೆ. ಬ್ರಿಟಿಷ್ ಸೇನೆಯ ಐರಿಷ್ ಗಾರ್ಡ್ಸ್ ದಳದವರು ತಮ್ಮ ಎತ್ತರದ ಕರಡಿ ತುಪ್ಪಳದ ಟೋಪಿಯ ಬಲಬದಿಗೆ ಸೇಂಟ್ ಪ್ಯಾಟ್ರಿಕ್ ಬ್ಲೂ ತುರಾಯಿ ಸಿಕ್ಕಿಸುತ್ತಾರೆ. ಮಾರ್ಚ್ 17ರಂದು ಅದೇ ಸೈನಿಕರಿಗೆ ಶ್ಯಾಮ್‌ರಾಕ್ ಎಲೆಗಳ ಪುಟ್ಟ ಗೊಂಚಲು ಕೊಡುತ್ತಾರೆ. ಆ ದಿನ ಒಂದೇ ದಳದಲ್ಲಿ ಎರಡೂ ಬಣ್ಣ ಇರುತ್ತವೆ.