ಮೂರು ಹೊತ್ತು ರಾಗಿ ಸರಿ ಕುಡಿದರೂ ಮಗುವಿನ ತೂಕ ಏಕೆ ಏರುತ್ತಿಲ್ಲ?

ಪ್ರಶ್ನೆ: ನಮ್ಮ ಮಗಳಿಗೆ ಏಳೂವರೆ ತಿಂಗಳು. ಆರು ತಿಂಗಳು ತುಂಬಿದಾಗಿನಿಂದ ರಾಗಿ ಸರಿ ಕೊಡುತ್ತಿದ್ದೇವೆ. ದಿನಕ್ಕೆ ಮೂರು ಸಲ ಬಾಟಲಿಗೆ ಹಾಕಿ ಕೊಟ್ಟರೆ ಪೂರ್ತಿ ಕುಡಿದು ಮಲಗುತ್ತಾಳೆ. ಎದೆಹಾಲು ಕೇಳುವುದು ಕಡಿಮೆಯಾಗಿದೆ. ಆದರೆ ಆರು ತಿಂಗಳಲ್ಲಿ 6.9 ಕೆ.ಜಿ. ಇದ್ದ ತೂಕ ಈಗಲೂ 7 ದಾಟಿಲ್ಲ. ಸರಿಯನ್ನು ಗಟ್ಟಿ ಮಾಡೋಣ ಎಂದರೆ, ಜೀರ್ಣವಾಗುವುದಿಲ್ಲ, ಹೊಟ್ಟೆ ಕಟ್ಟುತ್ತದೆ ಎನ್ನುತ್ತಾರೆ ಅತ್ತೆ. ಅಂಗಡಿಯ ಡಬ್ಬಿ ಆಹಾರ ಶುರು ಮಾಡಬೇಕೇ?

ಉತ್ತರ: ಡಬ್ಬಿಗೆ ಅವಸರ ಬೇಡ. ಆರು ತಿಂಗಳಿಗೆ ಶುರು ಮಾಡಿದ್ದು ಸರಿ, ರಾಗಿಯೂ ಒಳ್ಳೆಯ ಆಯ್ಕೆಯೇ. ನೀವು ಬರೆದಿರುವುದನ್ನು ನೋಡಿದರೆ ಎಡವಟ್ಟಾಗಿರುವುದು ಹದದಲ್ಲಿ. ಬಾಟಲಿಯ ನಿಪ್ಪಲ್‌ನಿಂದ ಸರಾಗವಾಗಿ ಇಳಿಯುವಷ್ಟು ತೆಳ್ಳಗಿನ ಸರಿ ಹೊಟ್ಟೆ ತುಂಬಿಸುತ್ತದೆ, ಮೈಗೆ ಹತ್ತುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ಬಾಟಲಿಗೆ ಹಾಕುವ ಸರಿಗೆ ಸಾಮಾನ್ಯವಾಗಿ 200 ಮಿ.ಲೀ. ನೀರಿಗೆ ಒಂದು ದೊಡ್ಡ ಚಮಚ, ಅಂದರೆ ಸುಮಾರು 10 ಗ್ರಾಂ ಹಿಟ್ಟು ಬೀಳುತ್ತದೆ. ಅಷ್ಟು ರಾಗಿ ಹಿಟ್ಟಿನಲ್ಲಿ ಸಿಗುವುದು 32 ಕ್ಯಾಲೊರಿ ಆಸುಪಾಸು. ಅದೇ 200 ಮಿ.ಲೀ. ಎದೆಹಾಲಿನಲ್ಲಿ ಸುಮಾರು 130 ಕ್ಯಾಲೊರಿ ಇರುತ್ತದೆ. ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಸುವುದು ಕೆ.ಜಿ. ತೂಕಕ್ಕೆ ಸುಮಾರು 30 ಮಿ.ಲೀ. ನಿಮ್ಮ ಮಗಳ ಲೆಕ್ಕದಲ್ಲಿ 210 ಮಿ.ಲೀ. ಒಂದು ಬಾಟಲಿ ಸರಿ ಕುಡಿದರೆ ಹೊಟ್ಟೆಯಲ್ಲಿ ಹಾಲಿಗೆ ಜಾಗವೇ ಉಳಿಯುವುದಿಲ್ಲ. ಹಸಿವು ಅಡಗುತ್ತದೆ, ನಿದ್ದೆ ಬರುತ್ತದೆ, ಮಗು ಚೆನ್ನಾಗಿ ಉಂಡಿತು ಎಂದು ಮನೆಯವರಿಗೆಲ್ಲ ಸಮಾಧಾನವಾಗುತ್ತದೆ. ಮೂರು ಬಾಟಲಿ ಸೇರಿಸಿದರೂ 100 ಕ್ಯಾಲೊರಿ ಮುಟ್ಟುವುದಿಲ್ಲ. 6ರಿಂದ 8 ತಿಂಗಳ ಮಗುವಿಗೆ ಎದೆಹಾಲಿನ ಜೊತೆಗೆ, ಪೂರಕ ಆಹಾರದಿಂದಲೇ ದಿನಕ್ಕೆ ಸುಮಾರು 200 ಕ್ಯಾಲೊರಿ ಸಿಗಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಿಮ್ಮಲ್ಲಿ ಅದೂ ಸಿಗುತ್ತಿಲ್ಲ, ಇದ್ದ ಹಾಲೂ ಕಡಿಮೆಯಾಗಿದೆ.

ನಿಮ್ಮ ಅತ್ತೆಯವರ ಆತಂಕವನ್ನು ತಳ್ಳಿಹಾಕುವ ಹಾಗಿಲ್ಲ. ರಾಗಿ ಹಿಟ್ಟಿನ ಗುಣವೇ ಹಾಗೆ. ಬೇಯುವಾಗ ನೀರು ಹೀರಿಕೊಂಡು ಉಬ್ಬುತ್ತದೆ, ಆರಿದ ಮೇಲೆ ಇನ್ನಷ್ಟು ಬಿಗಿಯುತ್ತದೆ. ಹಿಟ್ಟು ತುಸು ಹೆಚ್ಚಾದರೂ ಎಳೆಗೂಸು ನುಂಗಲಾರದ ಅಂಟಾಗುತ್ತದೆ. ಅದಕ್ಕಾಗಿಯೇ ಎಲ್ಲರೂ ನೀರು ಬೆರೆಸುತ್ತಾರೆ. ಇದಕ್ಕೆ ಪರಿಹಾರ ನಮ್ಮ ಹಳೆಯ ಅಡುಗೆಮನೆಯಲ್ಲೇ ಇದೆ. ಅದು ಮೊಳಕೆ ಕಟ್ಟಿದ ರಾಗಿ.

ರಾಗಿ ಮೊಳೆಯುವಾಗ ಅದರಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಪಿಷ್ಟವನ್ನು ಸಣ್ಣ ಸಣ್ಣ ಸಕ್ಕರೆಗಳಾಗಿ ಒಡೆಯುವುದು ಅದರ ಕೆಲಸ. ಪಿಷ್ಟ ಒಡೆದರೆ ಅಂಟು ತಗ್ಗುತ್ತದೆ, ಅಷ್ಟೇ ನೀರಿಗೆ ಎರಡರಷ್ಟು ಹಿಟ್ಟು ಹಾಕಿದರೂ ಸರಿ ಮೆತ್ತಗೇ ಇರುತ್ತದೆ. ಅರ್ಧ ಜೀರ್ಣವಾದಂತೆಯೇ ಒಳಗೆ ಹೋಗುವುದರಿಂದ ಅತ್ತೆಯವರ ಚಿಂತೆಗೂ ಇದೇ ಉತ್ತರ. ಕಬ್ಬಿಣದ ಅಂಶವನ್ನು ಮೈಗೆ ಸೇರಲು ಬಿಡದೆ ಹಿಡಿದಿಡುವ ಫೈಟೇಟ್ ಕೂಡ ಮೊಳಕೆಯಲ್ಲಿ ಕಡಿಮೆಯಾಗುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ರಾಗಿ ಮಾಲ್ಟ್, ಅಂದರೆ ಈ ಮೊಳಕೆ ರಾಗಿಯ ಹಿಟ್ಟಿನ ಬಗ್ಗೆ, ಅದರಿಂದ ಶಿಶು ಆಹಾರ ತಯಾರಿಸುವುದರ ಬಗ್ಗೆ ದಶಕಗಳ ಹಿಂದೆಯೇ ಕೆಲಸ ಮಾಡಿದ್ದಾರೆ.

ಮಾಡುವ ಬಗೆ ನಿಮ್ಮ ಅತ್ತೆಯವರಿಗೆ ಗೊತ್ತಿರಲೇಬೇಕು, ಅವರಿಂದಲೇ ಮಾಡಿಸಿ. ಕಲ್ಲು ಆರಿಸಿ, ಚೆನ್ನಾಗಿ ತೊಳೆದ ರಾಗಿಯನ್ನು ರಾತ್ರಿಯಿಡೀ ನೆನೆಸಿ, ನೀರು ಬಸಿದು, ತೆಳು ಬಟ್ಟೆಯಲ್ಲಿ ಕಟ್ಟಿಡಿ. ಒಂದೆರಡು ದಿನದಲ್ಲಿ ಬಿಳಿ ಮೊಳಕೆ ಕಾಣಿಸುತ್ತದೆ. ಹರಡಿ ಗರಿಗರಿಯಾಗಿ ಒಣಗಿಸಿ, ತುಸು ಬೆಚ್ಚಗೆ ಹುರಿದು, ಬೀಸಿಸಿ. ಎರಡು ಕಡೆ ಎಚ್ಚರ ಬೇಕು. ಘಮ ಬರಲಿ ಎಂದು ಜೋರು ಉರಿಯಲ್ಲಿ ಹುರಿದರೆ ಕಿಣ್ವ ಸಾಯುತ್ತದೆ, ಮೊಳಕೆ ಕಟ್ಟಿದ್ದರ ಅರ್ಧ ಲಾಭ ಅಲ್ಲೇ ಹೋಯಿತು. ಇನ್ನೊಂದು, ಬಟ್ಟೆಯಲ್ಲಿ ಜರಡಿ ಹಿಡಿಯುವುದು. ರಾಗಿಯ ಕ್ಯಾಲ್ಸಿಯಂ ಹೆಚ್ಚಾಗಿ ಇರುವುದು ಸಿಪ್ಪೆಯಲ್ಲಿ. ಹಿಟ್ಟು ಬೆಣ್ಣೆಯಂತೆ ನಯವಾಗಬೇಕೆಂದು ಸಿಪ್ಪೆಯನ್ನೆಲ್ಲ ತೆಗೆದರೆ ಉಳಿಯುವುದು ಬಹುಪಾಲು ಪಿಷ್ಟ. ಮೊದಲ ಎರಡು ಮೂರು ವಾರಕ್ಕೆ ಬಟ್ಟೆಯ ನಯ ಇರಲಿ, ಆಮೇಲೆ ಸಣ್ಣ ಕಣ್ಣಿನ ಜರಡಿ ಸಾಕು.

ಈಗ ಸರಿ ಕಾಯಿಸುವ ಬಗೆ. ಎರಡು ದೊಡ್ಡ ಚಮಚ ಹಿಟ್ಟನ್ನು 150 ಮಿ.ಲೀ. ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ತಿರುವುತ್ತಾ ನಿಧಾನವಾಗಿ ಬಿಸಿಯಾಗಲು ಬಿಡಿ. ಕುದಿ ಬರುವ ಮುಂಚಿನ ಆ ಬಿಸಿಯಲ್ಲೇ ಕಿಣ್ವ ಕೆಲಸ ಮಾಡುವುದು. ಹಾಗಾಗಿ ಕುದಿಯುವ ನೀರಿಗೆ ಹಿಟ್ಟು ಸುರಿಯಬೇಡಿ. ಚೆನ್ನಾಗಿ ಕುದಿದು ಹಸಿ ವಾಸನೆ ಹೋದ ಮೇಲೆ ಇಳಿಸಿ, ಒಂದು ಚಮಚ ತುಪ್ಪ ಬೆರೆಸಿ. ಹಿಟ್ಟಿನಿಂದ 64, ತುಪ್ಪದಿಂದ 45, ಒಟ್ಟು 110 ಕ್ಯಾಲೊರಿಯ ಹತ್ತಿರ. ಈ ವಯಸ್ಸಿಗೆ ಹೇಳುವ ಅಳತೆ 250 ಮಿ.ಲೀ. ಬಟ್ಟಲಿನ ಅರ್ಧ, ದಿನಕ್ಕೆ ಎರಡರಿಂದ ಮೂರು ಸಲ. ಎರಡು ಹೊತ್ತು ಹೀಗೆ ಉಂಡರೂ 200 ಕ್ಯಾಲೊರಿ ಮುಟ್ಟಿತು. ಹದ ತಿಳಿಯಲು ಚಮಚವನ್ನು ಓರೆ ಮಾಡಿ ನೋಡಿ. ಸರಿ ಮೆಲ್ಲಗೆ ಜಾರಬೇಕು. ನೀರಿನಂತೆ ಸುರಿದರೆ ಇನ್ನೂ ತೆಳ್ಳಗಿದೆ ಎಂದೇ ಅರ್ಥ.

ಬಾಟಲಿಯನ್ನು ಇವತ್ತೇ ಎತ್ತಿಡಿ. ಹದ ಕೆಡುವುದಕ್ಕೆ ಮೂಲ ಅದೇ, ನಿಪ್ಪಲ್‌ನ ಸಂದಿಯಲ್ಲಿ ಉಳಿಯುವ ಜಿಡ್ಡಿನಿಂದ ಭೇದಿಯೂ ಬರುತ್ತದೆ. ಹಾಗೆಂದು ಚಾಚಿದ ಕಾಲ ಮೇಲೆ ಮಗುವನ್ನು ಮಲಗಿಸಿ, ಒಳಲೆಯಲ್ಲಿ ಬಾಯಿಗೆ ಹೊಯ್ಯುವುದು ಖಂಡಿತ ಬೇಡ. ಅಳುತ್ತಾ ಮಲಗಿರುವ ಮಗುವಿನ ಆಹಾರ ಶ್ವಾಸಕೋಶಕ್ಕೆ ಹೋಗಬಹುದು. ತೊಡೆಯ ಮೇಲೋ ಗೋಡೆಗೆ ಒರಗಿಸಿಯೋ ನೆಟ್ಟಗೆ ಕೂರಿಸಿ, ಮುಖ ನೋಡುತ್ತಾ, ಚಮಚದಲ್ಲಿ ಕೊಡಿ. ಬಾಯಿ ತೆರೆದರೆ ಇನ್ನೊಂದು ಚಮಚ, ಮುಖ ತಿರುಗಿಸಿದರೆ ಅಲ್ಲಿಗೆ ಮುಗಿಯಿತು. ಬಾಟಲಿಗೆ ಒಗ್ಗಿರುವ ಮಗು ಮೊದಲ ಕೆಲವು ದಿನ ನಾಲಿಗೆಯಿಂದ ಹೊರಗೆ ತಳ್ಳುತ್ತದೆ, ಬೇಕಾದಷ್ಟು ಚೆಲ್ಲುತ್ತದೆ. ಹೊಸ ರುಚಿ ಒಪ್ಪಲು ಹತ್ತು ಸಲವಾದರೂ ನೀಡಬೇಕಾಗಬಹುದು. ಮೊಬೈಲ್ ತೋರಿಸಿ ತುರುಕಿದರೆ ಹೊಟ್ಟೆ ತುಂಬಿತೆಂದು ಹೇಳಲು ಮಗುವಿಗೆ ಅವಕಾಶವೇ ಇರುವುದಿಲ್ಲ.

ಎದೆಹಾಲು ಮೊದಲಿನಂತೆ, ಕೇಳಿದಾಗಲೆಲ್ಲ ಕೊಡಿ. ಬೆಳಿಗ್ಗೆ ಎದ್ದ ಕೂಡಲೇ, ರಾತ್ರಿ ಮಲಗುವಾಗ ಹಾಲೇ ಇರಲಿ. ರಾಗಿ ಸರಿ, ಅನ್ನ ಎರಡು ಸಲದ ಹಾಲಿನ ನಡುವೆ ಬರಲಿ. ಮತ್ತೆ ಮತ್ತೆ ಕುಡಿಸಿದಷ್ಟೂ ಹಾಲು ಹೆಚ್ಚುತ್ತದೆ.

ನೀವು ಕೇಳದಿದ್ದರೂ ಹೇಳಲೇಬೇಕಾದದ್ದು ಇನ್ನೊಂದಿದೆ, ನನಗೆ ತೂಕಕ್ಕಿಂತ ಇದರದ್ದೇ ಹೆಚ್ಚು ಚಿಂತೆ. ನಿಮ್ಮ ಪತ್ರದಲ್ಲಿ ರಾಗಿಯ ಹೊರತು ಬೇರೆ ಆಹಾರದ ಹೆಸರೇ ಇಲ್ಲ. 100 ಗ್ರಾಂ ರಾಗಿಯಲ್ಲಿ 340 ಮಿ.ಗ್ರಾಂ.ಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಧಾನ್ಯಗಳಲ್ಲಿ ಅದಕ್ಕೆ ಸಾಟಿ ಇಲ್ಲ. ಕಬ್ಬಿಣದ ವಿಷಯದಲ್ಲಿ ಮಾತ್ರ ರಾಗಿಯನ್ನೇ ನಂಬಿ ಕೂರಲಾಗದು. ಇರುವುದು 4 ಮಿ.ಗ್ರಾಂ. ಆಸುಪಾಸು, ಅದರಲ್ಲೂ ಮೈಗೆ ಸೇರುವುದು ಸ್ವಲ್ಪವೇ. ಎದೆಹಾಲಿನಲ್ಲಿ ಕಬ್ಬಿಣ ಬಹಳ ಕಡಿಮೆ. ತಾಯಿಯ ಹೊಟ್ಟೆಯಲ್ಲಿದ್ದಾಗ ಕೂಡಿಟ್ಟುಕೊಂಡ ಕಬ್ಬಿಣ ಆರು ತಿಂಗಳ ಹೊತ್ತಿಗೆ ಮುಗಿಯುತ್ತಾ ಬರುತ್ತದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ ಇದೆ. ಹೆತ್ತವರೆಲ್ಲ ಅಕ್ಕರೆಯಿಂದ ಉಣಿಸುತ್ತಿರುವ ನಾಡಿನಲ್ಲೇ ಈ ಸ್ಥಿತಿ.

ಹಾಗಾಗಿ ಒಂದು ಹೊತ್ತು ರಾಗಿ ಸಾಕು. ಇನ್ನೊಂದು ಹೊತ್ತಿಗೆ ಅನ್ನ, ತೊಗರಿಬೇಳೆ ಅಥವಾ ಹೆಸರುಬೇಳೆಯನ್ನು ಮೆತ್ತಗೆ ಬೇಯಿಸಿ, ಕೈಯಲ್ಲೇ ಕಿವುಚಿ, ತುಪ್ಪ ಹಾಕಿ. ಬೇಳೆಯ ಕಟ್ಟು ಮಾತ್ರ ಕೊಡುವ ರೂಢಿ ಹಲವು ಮನೆಗಳಲ್ಲಿದೆ. ಕಟ್ಟಿನಲ್ಲಿ ಹೆಚ್ಚೇನೂ ಇರುವುದಿಲ್ಲ, ಬೇಳೆಯೇ ಹೋಗಬೇಕು. ನಾಲ್ಕು ಹನಿ ನಿಂಬೆರಸ ಹಿಂಡಿದರೆ ಅದರ ಸಿ ಜೀವಸತ್ವದಿಂದ ಬೇಳೆಯ ಕಬ್ಬಿಣ ಹೆಚ್ಚು ಹೀರಲ್ಪಡುತ್ತದೆ. ಜೊತೆಗೆ ಬೇಯಿಸಿದ ಸೊಪ್ಪು, ಸಿಹಿಗುಂಬಳ, ಕ್ಯಾರೆಟ್, ಪರಂಗಿಹಣ್ಣು, ಬಾಳೆಹಣ್ಣು. ನಿಮ್ಮ ಮನೆಯಲ್ಲಿ ಮೊಟ್ಟೆ, ಮೀನು, ಮಾಂಸ ತಿನ್ನುವವರಾದರೆ ಮಗುವಿಗೂ ಈಗಿನಿಂದಲೇ ಕೊಡಿ, ವರ್ಷ ತುಂಬಲಿ ಎಂದು ಕಾಯಬೇಡಿ. ಮೊಟ್ಟೆಯ ಹಳದಿ, ಬಿಳಿ ಎರಡೂ ಆಗುತ್ತವೆ, ಪೂರ್ತಿ ಬೆಂದಿರಬೇಕು ಅಷ್ಟೇ. ಮಾಂಸವನ್ನು ಬೇಯಿಸಿ ಅರೆದು ಹಾಕಿ. ಅದರ ಕಬ್ಬಿಣ ಎಲ್ಲಕ್ಕಿಂತ ಸುಲಭವಾಗಿ ಮೈಗೆ ಹತ್ತುತ್ತದೆ. ಸರ್ಕಾರದ ಕಾರ್ಯಕ್ರಮದಲ್ಲಿ ಆರು ತಿಂಗಳಾದ ಮಕ್ಕಳಿಗೆ ವಾರಕ್ಕೆ ಎರಡು ಸಲ 1 ಮಿ.ಲೀ. ಕಬ್ಬಿಣದ ಸಿರಪ್ ಕೊಡುತ್ತಾರೆ. ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ.

ಕಡಲೆಕಾಯಿ, ಮೊಟ್ಟೆಯಿಂದ ಅಲರ್ಜಿ ಬರುತ್ತದೆಂದು ತಡ ಮಾಡುವುದು ಹಳೆಯ ಸಲಹೆ. 2015ರಲ್ಲಿ ಪ್ರಕಟವಾದ ಲೀಪ್ ಎಂಬ ಬ್ರಿಟನ್ನಿನ ಅಧ್ಯಯನದಲ್ಲಿ, ಅಲರ್ಜಿಯ ಸಾಧ್ಯತೆ ಹೆಚ್ಚಿದ್ದ ಮಕ್ಕಳಿಗೆ ವರ್ಷದೊಳಗೇ ಕಡಲೆಕಾಯಿ ಕೊಟ್ಟಾಗ ಐದನೇ ವರ್ಷಕ್ಕೆ ಆ ಅಲರ್ಜಿ ಬಹಳ ಕಡಿಮೆ ಕಂಡುಬಂತು. ಹುರಿದು ನುಣ್ಣಗೆ ಪುಡಿ ಮಾಡಿದ ಕಡಲೆಕಾಯಿಯನ್ನು ಕಾಲು ಚಮಚದಷ್ಟು ಸರಿಯಲ್ಲಿ ಬೆರೆಸಿ ಶುರು ಮಾಡಿ. ಮಗುವಿಗೆ ತೀವ್ರ ಇಸುಬು ಇದ್ದರೆ ಮೊದಲು ವೈದ್ಯರನ್ನು ಕೇಳಿ. ಹೊಸದನ್ನು ಒಂದೊಂದಾಗಿ, ಎರಡು ಮೂರು ದಿನದ ಅಂತರದಲ್ಲಿ ಕೊಡಿ. ಬಾದಾಮಿ, ಗೋಡಂಬಿ, ಹತ್ತಾರು ಕಾಳು ಎಲ್ಲ ಸೇರಿಸಿ ಬೀಸಿದ ಪುಡಿ ಮೊದಲ ದಿನದಿಂದಲೇ ಬೇಡ ಎನ್ನುವುದು ಇದಕ್ಕೇ. ಮೈಮೇಲೆ ಗಂಧೆ ಎದ್ದರೆ ಯಾವುದರಿಂದ ಎಂದು ಹೇಗೆ ತಿಳಿಯುವುದು? ಇಡೀ ಕಡಲೆಬೀಜ, ಬಾದಾಮಿ, ಇಡೀ ದ್ರಾಕ್ಷಿ, ಹಸಿ ಕ್ಯಾರೆಟ್ ತುಂಡು ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಇವನ್ನು ಮಗುವಿನ ಕೈಗೆ ಎಟುಕದಂತಿಡಿ.

ಉಪ್ಪು, ಸಕ್ಕರೆ, ಬೆಲ್ಲ ವರ್ಷ ತುಂಬುವವರೆಗೆ ಬೇಡ. ಕರಾವಳಿಯವರ ಬೆಲ್ಲ ಹಾಕಿದ ರಾಗಿ ಮಣ್ಣಿಯೂ ಅಲ್ಲಿಯವರೆಗೆ ಕಾಯಲಿ. ಜೇನುತುಪ್ಪದ ವಿಷಯದಲ್ಲಿ ಯಾವ ರಿಯಾಯಿತಿಯೂ ಇಲ್ಲ. ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುವುದು ನಮ್ಮಲ್ಲಿ ಹಳೆಯ ಪದ್ಧತಿ. ಆದರೆ ಜೇನಿನಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣಗಳು ವರ್ಷದೊಳಗಿನ ಮಗುವಿನ ಕರುಳಲ್ಲಿ ವಿಷ ಹುಟ್ಟಿಸಿ, ಸ್ನಾಯುಗಳನ್ನೇ ಸೋಲಿಸುವ ಬೊಟುಲಿಸಂ ತರಬಹುದು. ಹಸುವಿನ ಹಾಲು ಅಡುಗೆಗೆ ಸ್ವಲ್ಪ ಬಳಸಿದರೆ ಅಡ್ಡಿಯಿಲ್ಲ, ಎದೆಹಾಲಿನ ಬದಲಿಗೆ ಕುಡಿಸಬೇಡಿ.

ಹೊಟ್ಟೆ ಕಟ್ಟುವುದೇ? ಆಹಾರ ಬದಲಾದಾಗ ಮಲ ಗಟ್ಟಿಯಾಗುವುದು, ರಾಗಿಯಿಂದ ಬಣ್ಣ ಕಪ್ಪಾಗುವುದು ಸಹಜ. ಊಟದ ಜೊತೆ ಕುದಿಸಿ ಆರಿಸಿದ ನೀರು ಎರಡು ಮೂರು ಗುಟುಕು, ದಿನಕ್ಕೊಮ್ಮೆ ಪರಂಗಿಹಣ್ಣು ಕೊಟ್ಟರೆ ಸರಿಹೋಗುತ್ತದೆ. ಮಿಕ್ಸಿಯ ಅಭ್ಯಾಸವನ್ನು ಬೇಗ ಬಿಡಿಸಿ. ಎಂಟು ತಿಂಗಳಿಗೆ ತರಿತರಿಯಾದದ್ದು, ಕೈಯಲ್ಲಿ ಹಿಡಿದು ತಿನ್ನಲು ಮೆತ್ತನೆ ಇಡ್ಲಿ, ಬೆಂದ ಕುಂಬಳದ ಹೋಳು ಶುರುವಾಗಲಿ. ಹತ್ತು ತಿಂಗಳು ದಾಟಿದರೂ ನುಣ್ಣಗಿನದನ್ನೇ ಉಂಡ ಮಕ್ಕಳು ಮುಂದೆ ಅಗಿಯಲು ತಕರಾರು ಮಾಡುವುದು ಹೆಚ್ಚು.

ಡಬ್ಬಿ ಆಹಾರದ ಒಂದು ಅನುಕೂಲ ನಿಜ, ಅದಕ್ಕೆ ಕಬ್ಬಿಣ ಸೇರಿಸಿರುತ್ತಾರೆ. ಆದರೆ ಹಲವುದರಲ್ಲಿ ಸಕ್ಕರೆಯೂ ಇರುತ್ತದೆ, ಬೆಲೆಯೂ ದುಬಾರಿ. ಪ್ರಯಾಣಕ್ಕೆ ಬೇಕಾದರೆ ಪಟ್ಟಿ ಓದಿ ಕೊಳ್ಳಿ.

ಎರಡು ವಾರ ಬಿಟ್ಟು, ಅಂಗನವಾಡಿಯ ಅದೇ ತಕ್ಕಡಿಯಲ್ಲಿ ತೂಕ ನೋಡಿ, ತಾಯಿ ಕಾರ್ಡಿನ ಗೆರೆಯ ಮೇಲೆ ಗುರುತು ಹಾಕಿಸಿ. ಈ ವಯಸ್ಸಿನ ಹೆಣ್ಣುಮಗು ತಿಂಗಳಿಗೆ ಸುಮಾರು 300 ಗ್ರಾಂ ಏರುತ್ತದೆ. ಎರಡು ವಾರಕ್ಕೆ ಅದರ ಅರ್ಧದಷ್ಟಾದರೂ ಕಂಡರೆ ದಾರಿ ಸರಿಯಿದೆ. ಹದ ಬದಲಿಸಿಯೂ ಅಲುಗದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಮೂತ್ರದ ಸೋಂಕು, ರಕ್ತಹೀನತೆಯಂಥ ಕಾರಣಗಳೂ ಇರಬಹುದು. ಮಗು ಮಂಕಾಗಿದ್ದರೆ, ಮತ್ತೆ ಮತ್ತೆ ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ, ಮೂತ್ರ ಹೋಗುವುದು ಕಡಿಮೆಯಾದರೆ ಎರಡು ವಾರ ಕಾಯದೆ ಅಂದೇ ಹೋಗಿ.